ಗೋಲ್‌ಕೀಪರ್ ನಮ್ಮ ಮನೆಯಲ್ಲಿದ್ದ ಬೇಸಿಗೆ

ಮುಂದಿನ ಕೋಣೆ ನನ್ನದು ಎಂದೇ ನಾನು ತಿಳಿದಿದ್ದೆ. ಅಲ್ಲಿ ನನ್ನ ಮಂಚವಿತ್ತು, ಕಿಟಕಿಯ ಕಟ್ಟೆಯ ಮೇಲೆ ನನ್ನ ಪುಸ್ತಕಗಳಿದ್ದವು, ಬಾಗಿಲ ಹಿಂದಿನ ಮೊಳೆಗೆ ನನ್ನ ಯೂನಿಫಾರ್ಮ್ ತೂಗುತ್ತಿತ್ತು. ಒಂದು ಸಂಜೆ ಶಾಲೆಯಿಂದ ಬಂದು ನೋಡಿದರೆ ಆ ಮಂಚದ ಮೇಲೆ ಉದ್ದನೆಯ ಮನುಷ್ಯನೊಬ್ಬ ಮಲಗಿ ನಿದ್ದೆ ಹೋಗಿದ್ದ. ಮಂಚ ಅವನಿಗೆ ಸಾಲದೆ ಪಾದಗಳು ಹೊರಗೆ ಚಾಚಿಕೊಂಡಿದ್ದವು. ನನ್ನ ಪುಸ್ತಕಗಳೆಲ್ಲ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಹೋಗಿ ಕೂತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನನ್ನ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದ.

"ಶ್, ಎಬ್ಬಿಸ್ಬೇಡ ಶೈಲು. ಅವ್ನು ನಮ್ಮ ಗೋಲ್‌ಕೀಪರ್."

"ಎಷ್ಟು ದಿನ ಇರ್ತಾನೆ?"

"ಮ್ಯಾಚ್ ಮುಗಿಯೋ ತನಕ."

ಕುದುರೆಮುಖದಲ್ಲಿ ಗಣಿ ನಿಂತು ಆಗ ಕೆಲವು ವಾರಗಳಷ್ಟೇ ಆಗಿದ್ದವು. ಅಪ್ಪ ಅದಿರು ಪುಡಿ ಮಾಡುವ ಕ್ರಷರ್‌ನಲ್ಲಿ ಆಪರೇಟರ್ ಆಗಿದ್ದ. ಕ್ರಷರಿನ ಸದ್ದು ನಾನು ಹುಟ್ಟಿದಂದಿನಿಂದ ನಮ್ಮ ಮನೆಯ ಗೋಡೆಗಳೊಳಗೆ ಇತ್ತು. ಅದು ನಿಂತ ಮೇಲೆ ನಾವು ಮೂವರೂ ಎಷ್ಟು ಜೋರಾಗಿ ಮಾತಾಡುತ್ತೇವೆ ಎನ್ನುವುದು ನಮಗೇ ಗೊತ್ತಾಗಿ ನಾಚಿಕೆಯಾಯಿತು. ಕಾಲೊನಿಯ ಕ್ವಾರ್ಟರ್ಸುಗಳೆಲ್ಲ ಒಂದೇ ಅಚ್ಚಿನವು. ಮುಂದೊಂದು ಕೋಣೆ, ನಡುವೆ ಒಂದು, ಹಿಂದೆ ಅಡುಗೆಮನೆ, ಅದಕ್ಕೆ ತಾಗಿ ಬಚ್ಚಲು. ಕಣ್ಣು ಕಟ್ಟಿ ಯಾರ ಮನೆಗೆ ಬಿಟ್ಟರೂ ನೀರಿನ ಕೊಡ ಎಲ್ಲಿದೆ ಎಂದು ಹೇಳಬಹುದಿತ್ತು. ಆ ಮನೆಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಬೆಳಿಗ್ಗೆ ಲಾರಿ ಬರುತ್ತಿತ್ತು, ಮಂಚ, ಬೀರು, ತುಳಸಿಯ ಕುಂಡ ಹತ್ತುತ್ತಿದ್ದವು, ಮಧ್ಯಾಹ್ನಕ್ಕೆ ಬಾಗಿಲಿಗೆ ಬೀಗ ಬೀಳುತ್ತಿತ್ತು. ನಾಲ್ಕು ದಿನ ಕಳೆದರೆ ಆ ಮನೆಯ ಹಿತ್ತಲಿಗೆ ಕಾಡುಕೋಣಗಳು, ನಮ್ಮ ಕಡೆಯ ಕಾಟಿಗಳು, ಬಂದು, ಬಿಟ್ಟುಹೋದ ಹರಿವೆ ಸೊಪ್ಪು ಮೇಯುತ್ತಿದ್ದವು. ಮದುವೆಯಾಗದ ಕೆಲಸಗಾರರಿದ್ದ ಹಾಸ್ಟೆಲನ್ನೂ ಮುಚ್ಚಿದರು. ಹಾಗೆ ಬೀದಿಗೆ ಬಿದ್ದವನು ಫ್ರಾನ್ಸಿಸ್. ಮಂಗಳೂರಿನ ಕಡೆಯವನು, ವರ್ಕ್‌ಶಾಪಿನಲ್ಲಿ ಫಿಟ್ಟರ್, ಕಾಲೊನಿಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಊರಿಗೆ ಹೋಗಿಬಿಡುತ್ತೇನೆ ಎಂದು ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತವನನ್ನು ಅಪ್ಪ ಕೈಹಿಡಿದು ಎಳೆದುಕೊಂಡು ಬಂದಿದ್ದ.

ಹೋಗಲು ಬಿಡದಿರುವುದಕ್ಕೆ ಕಾರಣವಿತ್ತು. ನಮ್ಮ ತಂಡ ಎಲ್ಲೋ ಕೆಳಗಿನ ಡಿವಿಷನ್ನಿನದು. ಆ ವರ್ಷ ರಾಜ್ಯದ ಕಪ್ಪಿನಲ್ಲಿ ಹೇಗೋ ಎರಡು ಸುತ್ತು ಗೆದ್ದುಬಿಟ್ಟಿತ್ತು. ಮೂರನೇ ಸುತ್ತಿಗೆ ಚೀಟಿ ಎತ್ತಿದಾಗ ನಮ್ಮ ಎದುರಿಗೆ ಬಂದದ್ದು ಬೆಂಗಳೂರಿನ ಸೂಪರ್ ಡಿವಿಷನ್ನಿನ ದೊಡ್ಡ ತಂಡ. ಅದರಲ್ಲಿ ದೇಶಕ್ಕೆ ಆಡಿದವರಿದ್ದರು, ಪೇಪರಿನಲ್ಲಿ ಫೋಟೊ ಬರುವವರಿದ್ದರು. ಮೇಲಾಗಿ, ನಮ್ಮ ಹೆಸರು ಮೊದಲು ಬಂದದ್ದರಿಂದ ಆಟ ನಮ್ಮ ಮೈದಾನದಲ್ಲೇ. ಅವರೇ ಘಟ್ಟ ಸುತ್ತಿಕೊಂಡು ಇಲ್ಲಿಗೆ ಬರಬೇಕು. ಈ ಸುದ್ದಿಯನ್ನು ಅಪ್ಪ ಓಡಿಬಂದು ಹೇಳಿದಾಗ ಅಮ್ಮ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಗಣಿ ನಿಂತ ಮೇಲೆ ಅಪ್ಪನ ಮುಖದಲ್ಲಿ ಕಾಣದಿದ್ದದ್ದೇನೋ ಆವತ್ತು ಕಂಡಿತು. ಅಮ್ಮ ತೊಳೆದ ನೀರನ್ನು ನಿಧಾನವಾಗಿ ಬಸಿದು, "ಹೌದಾ?" ಎಂದಳು. ಆಮೇಲೆ, "ಚಿಕ್ಕಮಗಳೂರಿನ ಮನೆ ವಿಷಯ ಏನ್ ಮಾಡಿದ್ರಿ?" ಎಂದು ಕೇಳಿದಳು.

ಅಮ್ಮನ ತವರು ಗೋಣಿಬೀಡು. ಅವಳ ಅಕ್ಕ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಆ ದೊಡ್ಡಮ್ಮ ತನ್ನ ಮನೆಯ ಹಿಂದೆಯೇ ನಮಗೊಂದು ಬಾಡಿಗೆ ಮನೆ ನೋಡಿಟ್ಟಿದ್ದಳು. ಅಪ್ಪನಿಗೂ ಅಲ್ಲೇ ಮಷೀನಿನ ಕೆಲಸ ಸಿಗುವುದಾಗಿ ಹೇಳಿ ಕಳುಹಿಸಿದ್ದಳು. ಅಮ್ಮನಿಗೆ ಬೇಕಾಗಿದ್ದದ್ದು ಇಷ್ಟೇ: ಶಾಲೆ ಮತ್ತೆ ಶುರುವಾಗುವ ಮೊದಲು ನಾವು ಅಲ್ಲಿರಬೇಕು. ಕಾಲೊನಿಯ ಶಾಲೆಯಲ್ಲಿ ನಮ್ಮ ತರಗತಿಯ ಬೆಂಚುಗಳು ಆಗಲೇ ಅರ್ಧಕ್ಕರ್ಧ ಖಾಲಿ. ಆದರೆ ಅಪ್ಪನ ಬಾಯಲ್ಲಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರ. ಮನೆ ಯಾವಾಗ ಬಿಡೋದು? ಮ್ಯಾಚ್ ಮುಗೀಲಿ. ಅಕ್ಕನಿಗೆ ಏನ್ ಹೇಳ್ಲಿ? ಮ್ಯಾಚ್ ಮುಗೀಲಿ. ಬಚ್ಚಲ ಒಲೆ ಹೊಗೆ ಕಾರ್ತಿದೆ, ಸರಿ ಮಾಡ್ತೀರಾ? ಅದಕ್ಕೂ ಅದೇ. ಕೊನೆಕೊನೆಗೆ ಅಮ್ಮ ಪ್ರಶ್ನೆ ಕೇಳುವುದನ್ನೇ ಬಿಟ್ಟು, ದಿನಕ್ಕಿಷ್ಟು ಎಂದು ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಕಟ್ಟತೊಡಗಿದಳು. ಬೆಳಿಗ್ಗೆ ಅವಳು ಕಟ್ಟಿದ್ದನ್ನು ಸಂಜೆ ಅಪ್ಪ ಲೋಟ ಬೇಕೆಂದೋ ತಟ್ಟೆ ಬೇಕೆಂದೋ ಬಿಚ್ಚುತ್ತಿದ್ದ.

ಅಪ್ಪನಿಗಿಂತ ಹೆಚ್ಚು ಈ ಆಟಕ್ಕೆ ಕಾದವನೆಂದರೆ ಬಶೀರ್ ಮಾಮ. ಮಾರ್ಕೆಟ್ಟಿನ ಮೂಲೆಯಲ್ಲಿ ಅವನದೊಂದು ಹೋಟೆಲು, ನಾಲ್ಕು ಬೆಂಚು, ಒಂದು ಫೋನು. ಉಳಿದವರಿಗೆ ಬೇರೆ ಊರಿಗೆ ವರ್ಗವೋ ಕೈಗಿಷ್ಟು ಹಣವೋ ಸಿಗುತ್ತಿತ್ತು; ಅವನು ಕಂಪನಿಯ ನೌಕರನಲ್ಲದ್ದರಿಂದ ಅವನಿಗೆ ಎರಡೂ ಇಲ್ಲ. ಪರೋಟ ತಿನ್ನುವವರು ಹೋದರೆ ಅವನ ಕಥೆ ಮುಗಿಯಿತು. ಆಟಗಾರರಲ್ಲಿ ಇಬ್ಬರನ್ನು ಅವನು ಹೋಟೆಲಿನ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದ. ಸಂಜೆಯಾದರೆ ಅಪ್ಪ, ಇನ್ನೂ ಊರು ಬಿಡದ ಕೆಲವರು, ಎಲ್ಲ ಅಲ್ಲಿ ಸೇರುತ್ತಿದ್ದರು. ಡಬ್ಬದಲ್ಲಿ ಚಹಾ ತರಲು ಹೋದ ನಾನು ನಿಂತು ಕೇಳುತ್ತಿದ್ದೆ.

"ನೋಡು ವಾಸು," ಬಶೀರ್ ಮಾಮ ಅಪ್ಪನಿಗೆ ಹೇಳುತ್ತಿದ್ದ, "ಅಂಥಾ ಟೀಮು ಬಂದ್ರೆ ಹಿಂದೇನೇ ಪೇಪರ್‌ನೋರು ಬರ್ತಾರೆ, ಟೀವಿಯೋರು ಬರ್ತಾರೆ. ಇಲ್ಲಿ ಒಂದು ಊರು ಇದೆ, ಜನ ಇದಾರೆ ಅಂತ ಎಲ್ರಿಗೂ ಗೊತ್ತಾಗತ್ತೆ. ಗೆದ್ವಿ ಅನ್ಕೋ. ಗೆದ್ದ ಊರನ್ನ ಹಾಗೆ ಸುಮ್ನೆ ಖಾಲಿ ಮಾಡ್ಸಕ್ಕಾಗತ್ತಾ ಮಾರಾಯ?"

ಎಲ್ಲರೂ ಲೋಟದೊಳಗೆ ನೋಡುತ್ತಿದ್ದರು. ಫುಟ್‌ಬಾಲಿಗೂ ಗಣಿಗೂ ಸಂಬಂಧವಿಲ್ಲ ಎನ್ನುವುದು ನನಗೇ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲವೇ? ಆದರೂ ಅಷ್ಟು ಜನ ದೊಡ್ಡವರು ಒಂದೇ ಸುಳ್ಳನ್ನು ಅಷ್ಟು ಜೋಪಾನವಾಗಿ ಹಿಡಿದುಕೊಂಡಿದ್ದನ್ನು ನೋಡಿದ ಮೇಲೆ, ಅದನ್ನು ಸುಳ್ಳು ಎನ್ನುವ ಧೈರ್ಯ ನನಗೆ ಬರಲಿಲ್ಲ.

ಫ್ರಾನ್ಸಿಸಣ್ಣ ಬಂದ ಮೇಲೆ ಮನೆಯ ದಿನಚರಿ ಅವನ ಸುತ್ತ ತಿರುಗತೊಡಗಿತು. ಬೆಳಿಗ್ಗೆ ಅವನಿಗೆ ಅಕ್ಕಿ ರೊಟ್ಟಿ, ಮೊಟ್ಟೆ. ಮೊಟ್ಟೆ ಅವನಿಗೆ ಮಾತ್ರ. ಕಳಸದ ಸಂತೆಯಿಂದ ಯಾರಾದರೂ ಮೀನು ತಂದರೆ ತಲೆಯ ಭಾಗ ಯಾವಾಗಲೂ ಅಪ್ಪನ ತಟ್ಟೆಗೆ ಬೀಳುತ್ತಿದ್ದದ್ದು ಈಗ ಅವನ ತಟ್ಟೆಗೆ ಬೀಳುತ್ತಿತ್ತು. ಮೊದಲ ದಿನಗಳಲ್ಲಿ ಅಮ್ಮ ಬಡಿಸುವಾಗ ಸೌಟನ್ನು ಪಾತ್ರೆಗೆ ತಾಗಿಸಿ ಸದ್ದು ಮಾಡುತ್ತಿದ್ದಳು. ಅದು ಅಪ್ಪನಿಗೆ ಹೇಳಿದ ಮಾತು. ಆದರೆ ಫ್ರಾನ್ಸಿಸಣ್ಣ ಉಂಡ ತಟ್ಟೆಯನ್ನು ತಾನೇ ತೊಳೆದ, ಬಚ್ಚಲ ಒಲೆಯ ಕೊಳವೆ ಬಿಚ್ಚಿ ಮಸಿ ತೆಗೆದ, ದೋಸೆಗೆ ರುಬ್ಬುವ ಕಲ್ಲಿನ ಮುಂದೆ ತಾನೇ ಕೂತ. ಅಕ್ಕ ಎಂದು ಕರೆದ. ಒಂದು ವಾರದೊಳಗೆ ಸೌಟು ಸುಮ್ಮನಾಯಿತು.

ಸಂಜೆ ಅಭ್ಯಾಸ. ನಮ್ಮ ಪಕ್ಕದ ಕ್ವಾರ್ಟರ್ಸು ಖಾಲಿಯಾಗಿತ್ತು. ಅದರ ಗೋಡೆಯ ಮೇಲೆ ಅಪ್ಪ ಇದ್ದಿಲಿನಿಂದ ಗೋಲಿನ ಚೌಕ ಬರೆದ. ಅಪ್ಪ ಒದೆಯುವುದು, ಫ್ರಾನ್ಸಿಸಣ್ಣ ಹಿಡಿಯುವುದು. ಅಪ್ಪನಿಗೆ ಮಂಡಿ ನೋವು ಬಂದಾಗ ನನ್ನನ್ನು ಕರೆದರು. ಬರಿಗಾಲಲ್ಲಿ ನಾನು ಒದ್ದ ಮೊದಲನೇ ಚೆಂಡು ಅವನ ಕೈ ತಪ್ಪಿಸಿ ಗೋಡೆಗೆ ಬಡಿದಾಗ ಅವನು ನಿಜವಾಗಿಯೂ ಆಶ್ಚರ್ಯಪಟ್ಟು ನನ್ನ ಕಡೆ ನೋಡಿದ. ನನಗೆ ಏನೋ ಒಂದು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ಆಮೇಲೆ ದಿನಾ ಸಂಜೆ ನಾನೇ ಒದ್ದೆ. ಆ ಗೋಡೆಯ ಆಚೆ ಮೊದಲು ನನ್ನ ಗೆಳತಿ ಇದ್ದಳು, ಅವಳ ಅಜ್ಜಿ ಇದ್ದರು. ಈಗ ಚೆಂಡು ಬಡಿದರೆ ಒಳಗಿನಿಂದ ಟೊಳ್ಳು ಸದ್ದು ಬರುತ್ತಿತ್ತು. ಅಮ್ಮ ಬೆಳಗುವ ದೀಪ, ಆ ಸದ್ದು, ಅಪ್ಪನ "ಇನ್ನೊಂದು, ಇನ್ನೊಂದು" ಎನ್ನುವ ಕೂಗು. ಈಗಲೂ ಎಲ್ಲಾದರೂ ಮಕ್ಕಳು ಗೋಡೆಗೆ ಚೆಂಡು ಒದೆಯುವುದು ಕೇಳಿದರೆ ನಾನು ನಿಂತುಬಿಡುತ್ತೇನೆ. ಖುಷಿಗೋ ಹೆದರಿಕೆಗೋ ಹೇಳಲಾರೆ.

ಮೊದಲು ಗೊತ್ತುಮಾಡಿದ ಭಾನುವಾರಕ್ಕೆ ಎರಡು ದಿನ ಮೊದಲು ಗಂಡಸರೆಲ್ಲ ಸೇರಿ ಮೈದಾನದ ಹುಲ್ಲು ಕೊಯ್ದರು, ಸುಣ್ಣದಲ್ಲಿ ಗೆರೆ ಎಳೆದರು. ಶನಿವಾರ ಬೆಳಿಗ್ಗೆ ಹೋಟೆಲಿಗೆ ಫೋನು ಬಂತು. ಬೆಂಗಳೂರಿನ ಆಟಗಾರರು ಯಾವುದೋ ಶಿಬಿರದಲ್ಲಿದ್ದಾರಂತೆ, ಆಟ ಮುಂದಕ್ಕೆ ಹೋಗಿದೆ. ಎರಡನೇ ಸಲವೂ ಹಾಗೇ ಆಯಿತು. ಆಗ ಹೇಳಿದ ಕಾರಣ ನನಗೆ ನೆನಪಿಲ್ಲ. ಹೂಮಳೆ ಬಂದು ಹೋಯಿತು, ಕಳಸದ ಕಡೆಯ ತೋಟಗಳಲ್ಲಿ ಕಾಫಿ ಹೂ ಬಿಟ್ಟು ಉದುರಿತು, ಗೆರೆಯ ಸುಣ್ಣ ಮಣ್ಣಿನೊಳಗೆ ಇಂಗಿತು.

"ಬೇಕೂಂತ್ಲೇ ಮಾಡ್ತಿದಾರೆ," ಅಪ್ಪ ಊಟಕ್ಕೆ ಕೂತು ಹೇಳಿದ. "ನಾವು ಖಾಲಿ ಆಗ್ಲಿ ಅಂತ ಕಾಯ್ತಿದಾರೆ. ಹನ್ನೊಂದು ಜನ ಇಲ್ಲ ಅಂದ್ರೆ ಆಡ್ದೇನೇ ಗೆದ್ರು."

ನಾನೂ ಅದನ್ನೇ ನಂಬಿದೆ. ಅವರು ನಮ್ಮ ಬಗ್ಗೆ ಅಷ್ಟೆಲ್ಲ ಯೋಚಿಸಿಯೇ ಇರಲಿಕ್ಕಿಲ್ಲ ಎಂದು ಹೊಳೆದದ್ದು ದೊಡ್ಡವಳಾದ ಮೇಲೆ. ಅಪ್ಪನಿಗೆ ಹೊಳೆದಿರಲಿಲ್ಲ ಎಂದು ಈಗಲೂ ಆಶಿಸುತ್ತೇನೆ.

ಎರಡನೇ ಸಲ ಮುಂದೆ ಹೋದ ಮೇಲೆ ಮುರುಗೇಶ ಹೊರಟ. ಗೋಲು ಹೊಡೆಯುವವನು ಅವನೇ. ಹಿಂದಿನ ಎರಡು ಸುತ್ತಿನ ಗೋಲುಗಳೆಲ್ಲ ಅವನವೇ. ಅವನ ಮಾವನಿಗೆ ಸೇಲಂ ಹತ್ತಿರ ಲಾರಿಗಳಿದ್ದವು, ಬಾ ಎಂದಿದ್ದರು. ಸುದ್ದಿ ಗೊತ್ತಾಗಿ ಅಪ್ಪ, ಬಶೀರ್ ಮಾಮ ಮತ್ತೆ ನಾಲ್ಕೈದು ಜನ ಅವನ ಮನೆಯ ಮುಂದೆ ಸೇರುವ ಹೊತ್ತಿಗೆ ಸಾಮಾನು ಲಾರಿಗೆ ಹತ್ತಿ ಆಗಿತ್ತು. ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಮುಂದೆ ಕೂತಿದ್ದಳು. ಅಮ್ಮ ಆ ಕೂಸಿಗೆಂದು ಕಟ್ಟಿದ ತುಪ್ಪದ ಬಾಟಲಿ ಕೊಡಲು ನನ್ನನ್ನೂ ಕರೆದುಕೊಂಡು ಬಂದಿದ್ದಳು.

"ಇನ್ನೆರಡೇ ವಾರ ಮುರುಗೇಶ," ಅಪ್ಪ ಹೇಳಿದ. "ಹೆಂಡ್ತಿ ಮಗೂನ ಕಳ್ಸು, ನೀನು ಇರು. ನಮ್ಮನೇಲೇ ಇರು."

"ಹೋದ ತಿಂಗ್ಳೂ ಎರಡು ವಾರ ಅಂದ್ರಿ ವಾಸಣ್ಣ."

"ಈ ಸಲ ಖಂಡಿತಾ ಬರ್ತಾರೆ."

ಮುರುಗೇಶ ಅಳುತ್ತಿದ್ದ. ಒರೆಸಿಕೊಳ್ಳಲೂ ಇಲ್ಲ. ಡ್ರೈವರ್ ಇಂಜಿನ್ ಶುರುಮಾಡಿದ. ಆಗ ಅಪ್ಪ ಲಾರಿಯ ಹಿಂದಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟ. ಲಾರಿ ಮೆಲ್ಲನೆ ಉರುಳಿತು. ಅಪ್ಪ ಬಿಡದೆ ಅದರ ಹಿಂದೆ ಹೆಜ್ಜೆ ಹಾಕಿದ. ಡ್ರೈವರ್ ತಲೆ ಹೊರಗೆ ಹಾಕಿ ಬೈದ. ಬೇರೆಯವರೆಲ್ಲ ನೆಲ ನೋಡುತ್ತಾ ನಿಂತಿದ್ದರು. ಅಮ್ಮ ಸರಸರ ನಡೆದುಹೋಗಿ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬಿಡ್ರೀ. ಅವ್ರಿಗೂ ಹೊಟ್ಟೆ ಇಲ್ವಾ? ಬಿಡಿ ಅಂದೆ."

ಅಪ್ಪ ಬಿಟ್ಟ. ಲಾರಿ ತಿರುವಿನಲ್ಲಿ ಮರೆಯಾಗುವ ತನಕ ಕೈ ಹಾಗೇ ಮುಂದೆ ಚಾಚಿಕೊಂಡಿತ್ತು.

ಆ ಮಧ್ಯಾಹ್ನ ಗಂಜಿಗೆ ಕೂತಾಗ ಜಗಳವಾಯಿತು. ಹಿಂದೆಯೂ ಆಗಿತ್ತು, ಆದರೆ ಆವತ್ತಿನದು ಬೇರೆ. ಯಾರೂ ಕೂಗಲಿಲ್ಲ. ಫ್ರಾನ್ಸಿಸಣ್ಣ ತಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋದ. ನಾನು ಹೋಗಲಿಲ್ಲ.

"ಅಕ್ಕ ಹೇಳಿ ಕಳ್ಸಿದಾಳೆ," ಅಮ್ಮ ಶುರುಮಾಡಿದಳು. "ಆ ಮನೆಗೆ ಬೇರೆ ಜನ ಕೇಳ್ತಿದಾರಂತೆ. ಎಷ್ಟು ದಿನ ಹಿಡ್ಕೊಂಡಿರ್ತಾರೆ ಅವ್ರು? ನೀವು ಮ್ಯಾಚ್ ಮ್ಯಾಚ್ ಅಂತೀರಿ. ಹೋಗ್ಲಿ, ಗೆದ್ರಿ ಅಂತಾನೇ ಇಟ್ಕೊಳ್ಳಿ. ನಮ್ಗೇನ್ ಸಿಗತ್ತೆ?"

ಅಪ್ಪ ಗಂಜಿಯಲ್ಲಿ ಬೆರಳಾಡಿಸಿದ.

"ಏನೂ ಸಿಗಲ್ಲ," ಎಂದ.

"ಮತ್ತೆ?"

"ಮದುವೆಗೂ ಮೊದ್ಲಿಂದ ಇಲ್ಲಿ ಕಲ್ಲು ಪುಡಿ ಮಾಡಿದೀನಿ ಲಲಿತಾ. ಬರೋರು ಬಂದ್ರು, ಹೋಗೋರು ಹೋದ್ರು. ಈಗ ನಮ್ಮನ್ನೂ ಹೋಗಿ ಅಂತಾರೆ, ಹೋಗ್ತೀವಿ. ಒಂದೇ ಒಂದ್ಸಲ, ದೊಡ್ಡೋರು ಅನ್ನಿಸ್ಕೊಂಡೋರು ಯಾರಾದ್ರೂ ಈ ಊರಿಗೆ ಬಂದು ಸೋತು ಹೋಗ್ಲಿ. ಅದನ್ನ ನೋಡ್ಬೇಕು. ಆಮೇಲೆ ನೀನು ಎಲ್ಲಿಗೆ ಅಂದ್ರೆ ಅಲ್ಲಿಗೆ ಬರ್ತೀನಿ."

ಅಮ್ಮ ಉಪ್ಪಿನಕಾಯಿಯ ಜಾಡಿಗೆ ಬಟ್ಟೆ ಕಟ್ಟಿ ಎದ್ದುಹೋದಳು. ಸೋಲುವುದು ನಾವಾದರೆ ಎಂದು ಅವಳು ಕೇಳಲಿಲ್ಲ. ಕೇಳಬಾರದು ಎಂದು ಅವಳಿಗೆ ತೋಚಿರಬೇಕು.

ಅಲ್ಲಿಂದಾಚೆ ಅಪ್ಪ ಸರಿಯಾಗಿ ಉಣ್ಣಲಿಲ್ಲ. ಕ್ರಷರಿನ ಕೆಲಸವಿಲ್ಲದಿದ್ದರೂ ಬೆಳಿಗ್ಗೆ ಎದ್ದು ಹೆಲ್ಮೆಟ್ ಒರೆಸಿಡುತ್ತಿದ್ದ, ಆಮೇಲೆ ಹೋಗಿ ಬಶೀರ್ ಮಾಮನ ಫೋನಿನ ಮುಂದೆ ಕೂರುತ್ತಿದ್ದ. ಬೇರೆ ಊರಿಗೆ ಹೋದ ಆಟಗಾರರಿಗೆಲ್ಲ ಫೋನು ಮಾಡಿದ. ಮಂಗಳೂರಿಗೆ ಹೋಗಿ ಇಬ್ಬರ ಮನೆಯ ಬಾಗಿಲಲ್ಲಿ ನಿಂತು ಬೇಡಿಕೊಂಡು ಬಂದ. ಇಬ್ಬರೂ ಆಟದ ದಿನ ಬರುತ್ತೇವೆಂದರು. ಮುರುಗೇಶನ ಜಾಗಕ್ಕೆ ನಮ್ಮ ಶಾಲೆಯ ಡ್ರಿಲ್ ಮಾಸ್ತರನ್ನು ಒಪ್ಪಿಸಿದ; ಅವರಿಗೆ ಓಡಿದರೆ ಉಬ್ಬಸ ಬರುತ್ತಿತ್ತು. ಹಾಗೆ ಒಬ್ಬೊಬ್ಬರನ್ನೇ ಹೆಕ್ಕಿ ತಂಡ ಮಾಡಿದ ಮೇಲೆ ಮೂರನೇ ದಿನಾಂಕ ಬಂತು. ಈ ಸಲ ಬೆಂಗಳೂರಿನವರು ಬಸ್ಸು ಗೊತ್ತುಮಾಡಿದ್ದಾರೆ, ಖಂಡಿತ ಎಂದು ಸುದ್ದಿ. ಅಪ್ಪ ಅದನ್ನು ಅಮ್ಮನಿಗೆ ಮತ್ತೆ ಮತ್ತೆ ಹೇಳಿದ. ಅಪ್ಪನನ್ನು ನೋಡಿದರೆ ನನಗೆ ಆಗ ಹೆದರಿಕೆಯಾಗುತ್ತಿತ್ತು. ಅಮ್ಮನಿಗೂ ಆಗುತ್ತಿತ್ತು.

ಆ ವಾರದಲ್ಲೇ ಒಂದು ದಿನ ಅಪ್ಪ ಹೋಟೆಲಿಗೆ ಹೋಗಿದ್ದಾಗ ಫ್ರಾನ್ಸಿಸಣ್ಣ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನಾನು ಒಳಗೆ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದೆ.

"ಅಕ್ಕ, ಒಂದು ವಿಷ್ಯ. ದುಬೈ ಕೆಲಸ ಆಯ್ತು ನಂದು. ಚಿಕ್ಕಪ್ಪ ಮಾತಾಡಿದ್ರು. ಶುಕ್ರವಾರದೊಳಗೆ ಮಂಗ್ಳೂರಲ್ಲಿ ಏಜೆಂಟ್ ಹತ್ರ ಇರ್ಬೇಕು."

ಆಟ ಇದ್ದದ್ದು ಭಾನುವಾರ. ಈಳಿಗೆಯ ಮೇಲೆ ಅಮ್ಮನ ಕೈ ನಿಂತಿತು.

"ಇವ್ರಿಗೆ ಹೇಳಿದ್ಯಾ?"

"ವಾಸಣ್ಣಂಗೆ ಹೇಳಕ್ಕೆ ಬಾಯಿ ಬರ್ಲಿಲ್ಲ. ನೀವು ಹೇಳ್ತೀರಾ ಅಂತ..."

ನನಗೆ ಒಳಗೊಳಗೇ ಸಮಾಧಾನವಾಯಿತು. ಗೋಲ್‌ಕೀಪರ್ ಹೋದರೆ ಆಟವಿಲ್ಲ, ಆಟವಿಲ್ಲದಿದ್ದರೆ ನಾವು ಚಿಕ್ಕಮಗಳೂರಿಗೆ ಹೋಗುತ್ತೇವೆ. ಅಮ್ಮ ಇಷ್ಟು ದಿನ ಬಯಸಿದ್ದು ತಾನಾಗಿಯೇ ಬಾಗಿಲಿಗೆ ಬಂದಿದೆ ಎಂದುಕೊಂಡೆ. ಹೋಗಪ್ಪಾ, ಒಳ್ಳೇದಾಗ್ಲಿ ಎನ್ನುತ್ತಾಳೆಂದು ಕಾದೆ. ಅಮ್ಮ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು, ಅವನ ಮುಂದೆ ಬಂದು ಎರಡೂ ಕೈ ಜೋಡಿಸಿದಳು. ದೇವರ ಮುಂದೆ ಬಿಟ್ಟರೆ ಅಮ್ಮ ಯಾರಿಗೂ ಹಾಗೆ ಕೈ ಮುಗಿದದ್ದನ್ನು ನಾನು ನೋಡಿರಲಿಲ್ಲ.

"ಭಾನುವಾರದ ತನಕ ಇರೋ ಫ್ರಾನ್ಸಿಸ್. ನಿನ್ನ ಕಾಲಿಗೆ ಬೀಳ್ತೀನಿ. ನೀನು ಹೋದ್ರೆ ಈ ಮನುಷ್ಯ ಏನಾಗ್ತಾರೋ ನಂಗೊತ್ತಿಲ್ಲ."

"ಅಕ್ಕ, ಕೈ ಇಳ್ಸಿ. ಶೈಲು ನೋಡ್ತಿದಾಳೆ."

"ನೋಡ್ಲಿ."

ಅವನು ಬಾಗಿಲ ಪಟ್ಟಿಗೆ ಹಣೆ ಒತ್ತಿ ನಿಂತ. ಆಮೇಲೆ, ಸರಿ, ಏಜೆಂಟಿಗೆ ಫೋನು ಮಾಡಿ ಎರಡು ದಿನ ಕೇಳುತ್ತೇನೆ ಎಂದ. ಆ ರಾತ್ರಿಯ ಊಟಕ್ಕೆ ಅಮ್ಮ ಇಡೀ ಬಂಗುಡೆ ಮೀನನ್ನು ಅವನ ತಟ್ಟೆಗೆ ಹಾಕಿದಳು. ಅವನು ಅದನ್ನು ಮುಟ್ಟಲಿಲ್ಲ. ಏನಾಯ್ತೋ, ಹೊಟ್ಟೆ ಸರಿಯಿಲ್ವಾ ಎಂದು ಅಪ್ಪ ಗಾಬರಿಯಿಂದ ಕೇಳಿದ.

ಭಾನುವಾರ ಬೆಳಿಗ್ಗೆ ಊರು ತುಂಬಿತು. ಹೋದವರೆಲ್ಲ ಬಂದಿದ್ದರು. ಕಳಸದಿಂದ, ಮೂಡಿಗೆರೆಯಿಂದ, ಮಂಗಳೂರಿನಿಂದ, ಜೀಪಿನಲ್ಲಿ, ಲಾರಿಯಲ್ಲಿ, ಹೆಂಡತಿ ಮಕ್ಕಳನ್ನು ಬೈಕಿನ ಹಿಂದೆ ಕೂರಿಸಿಕೊಂಡು. ಬುತ್ತಿ ತಂದಿದ್ದರು. ಆದರೆ ಉಣ್ಣಲು ಎಲ್ಲಿ ಕೂರುವುದು? ಒಬ್ಬೊಬ್ಬರೂ ತಮ್ಮ ತಮ್ಮ ಬೀದಿಗೆ ನಡೆದುಹೋಗಿ, ತಾವಿದ್ದ ಮನೆಯ ಮೆಟ್ಟಿಲ ಮೇಲೆ, ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಬುತ್ತಿ ಬಿಚ್ಚಿದರು. ಬೀದಿಯ ಉದ್ದಕ್ಕೂ ಹಾಗೇ. ನನ್ನ ಗೆಳತಿಯ ಅಜ್ಜಿ ಇದ್ದಿಲಿನ ಗೋಲು ಬರೆದಿದ್ದ ಗೋಡೆಯ ಪಕ್ಕ ಕೂತು ಚಿತ್ರಾನ್ನ ತಿನ್ನುತ್ತಾ, ನಮ್ಮ ಮನೆಗೆ ಕೈ ತೊಳೆಯಲು ನೀರು ಕೇಳಿ ಕಳುಹಿಸಿದರು. ಅಮ್ಮ ಬಿಂದಿಗೆ ಎತ್ತಿಕೊಂಡು ಮೆಟ್ಟಿಲಿಂದ ಮೆಟ್ಟಿಲಿಗೆ ನೀರು ಕೊಡುತ್ತಾ ಹೋದಳು. ಬಶೀರ್ ಮಾಮನ ಹೋಟೆಲಿನಲ್ಲಿ ಪರೋಟ ಹಂಚಲು ಕೈ ಸಾಲಲಿಲ್ಲ. ಅಪ್ಪ ಮಾತ್ರ ರಸ್ತೆಯ ತಿರುವಿನಲ್ಲಿ ನಿಂತು, ಬಂದ ಪ್ರತಿ ಗಾಡಿಯಿಂದ ಮುರುಗೇಶ ಇಳಿಯುತ್ತಾನೇನೋ ಎಂದು ನೋಡುತ್ತಿದ್ದ.

ಅಪ್ಪನಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಬೆಳಿಗ್ಗೆ ತಿಂಡಿಗೆ ಕೂತಾಗ ಫ್ರಾನ್ಸಿಸಣ್ಣ ತಲೆ ಎತ್ತದೆ ಅಮ್ಮನಿಗೆ ಹೇಳಿದ್ದ:

"ಅಕ್ಕ, ಆ ದುಬೈ ಕೆಲಸ ಹೋಯ್ತು. ಬೇರೆಯವ್ರನ್ನ ಕಳ್ಸಿದಾರೆ."

ಅಮ್ಮ ಹೆಂಚಿನ ಮೇಲೆ ರೊಟ್ಟಿ ಕರಿಯಾಗುವ ತನಕ ಹಾಗೇ ನಿಂತಿದ್ದಳು.

ಬೆಂಗಳೂರಿನವರ ಬಸ್ಸು ಬಂತು. ಪೇಪರಿನವರಾಗಲಿ ಟೀವಿಯವರಾಗಲಿ ಜೊತೆಗಿರಲಿಲ್ಲ. ಘಟ್ಟದ ತಿರುವುಗಳಿಗೆ ತಲೆ ಸುತ್ತಿ ಅವರಲ್ಲಿ ಕೆಲವರು ಇಳಿದ ಕೂಡಲೇ ರಸ್ತೆ ಪಕ್ಕ ವಾಂತಿ ಮಾಡಿಕೊಂಡರು; ಅದನ್ನು ನೋಡಿ ನಮ್ಮ ಜನಕ್ಕೆ ಗೆಲ್ಲುವ ಆಸೆ ಹುಟ್ಟಿತು. ಬಶೀರ್ ಮಾಮ ಓಡಿಹೋಗಿ ಅವರಿಗೂ ನಿಂಬೆ ಷರಬತ್ತು ಕೊಟ್ಟ. ಲೋಟ ಹಿಂದಿರುಗಿಸುವಾಗ ಒಬ್ಬ ಎತ್ತರದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಕೇಳಿದ:

"ಈ ಊರಿನ ಹೆಸ್ರೇನು ಅಂದ್ರಿ?"

ಬಶೀರ್ ಮಾಮ ಹೇಳಿದ. ಅಪ್ಪ ಪಕ್ಕದಲ್ಲೇ ಇದ್ದ. ಅಪ್ಪನ ಮುಖ ನೋಡದೆ ನಾನು ಆಚೆ ತಿರುಗಿಕೊಂಡೆ.

ಆಟದ ಬಗ್ಗೆ ಹೇಳಲು ಹೆಚ್ಚಿಲ್ಲ. ಅರ್ಧ ಆಟದವರೆಗೆ ಅವರಿಗೆ ಒಂದು ಗೋಲೂ ಹೊಡೆಯಲಾಗಲಿಲ್ಲ. ಫ್ರಾನ್ಸಿಸಣ್ಣ ಮೈಯನ್ನು ಎಲ್ಲೆಲ್ಲಿಗೋ ಎಸೆದು ತಡೆದ. ಅವನ ಮೊಣಕೈಯ ಚರ್ಮ ಕಿತ್ತು ರಕ್ತ ಬಂತು. ಪ್ರತಿ ಸಲ ಅವನು ಚೆಂಡನ್ನು ಎದೆಗೆ ಒತ್ತಿ ಹಿಡಿದಾಗ ಇಡೀ ಮೈದಾನ ಕೂಗುತ್ತಿತ್ತು. ಬಿಡುವಿನಲ್ಲಿ ಬಶೀರ್ ಮಾಮ ಯಾರ್ಯಾರನ್ನೋ ತಬ್ಬಿಕೊಂಡ. ಆಮೇಲೆ ನಮ್ಮವರ ಕಾಲುಗಳು ಸೋತವು. ಡ್ರಿಲ್ ಮಾಸ್ತರು ಗೆರೆಯಾಚೆ ಬಂದು ಕೂತು ಎದೆ ಹಿಡಿದುಕೊಂಡು ಉಸಿರಾಡಿದರು. ಮೊದಲನೇ ಗೋಲು ಬಿದ್ದಾಗ ಅಪ್ಪ "ಪರ್ವಾಗಿಲ್ಲ, ಪರ್ವಾಗಿಲ್ಲ" ಎಂದು ಕೂಗಿದ. ಎರಡನೆಯದಕ್ಕೂ ಕೂಗಿದ. ಆಮೇಲೆ ಇನ್ನೂ ಮೂರು ಬಿದ್ದವು. ಯಾರೂ ಎದ್ದುಹೋಗಲಿಲ್ಲ. ಅವರೆಲ್ಲ ಬಂದದ್ದು ಗೆಲುವಿಗೆ ಮಾತ್ರ ಅಲ್ಲ ಎಂದು ನನಗನ್ನಿಸಿತು. ಎದ್ದರೆ ಹೊರಡಬೇಕಾಗುತ್ತದೆ ಎಂದು ಕೂತಿದ್ದರು. ಸೀಟಿ ಊದಿದ ಮೇಲೆ ಅಪ್ಪ ಮೈದಾನದೊಳಗೆ ನಡೆದುಹೋಗಿ, ಗೋಲಿನಲ್ಲಿ ಮೊಣಕಾಲೂರಿ ಕೂತಿದ್ದ ಫ್ರಾನ್ಸಿಸಣ್ಣನ ಕೈಗವಸುಗಳನ್ನು, ಮಕ್ಕಳಿಗೆ ಅಂಗಿ ಕಳಚುವ ಹಾಗೆ, ಮೆಲ್ಲಗೆ ಕಳಚಿದ.

ಮನೆಗೆ ಬಂದು ಅಪ್ಪ ಅಡುಗೆಮನೆಯ ನೆಲದ ಮೇಲೆ ಕೂತ. ಫ್ರಾನ್ಸಿಸಣ್ಣ ಬಚ್ಚಲಲ್ಲಿ ಗಾಯ ತೊಳೆಯುತ್ತಿದ್ದ. ಹೊರಗೆ ಗಾಡಿಗಳು ಒಂದರ ಹಿಂದೊಂದು ಹೊರಟುಹೋಗುವ ಸದ್ದು. ಅಮ್ಮ ಕಾಫಿಯ ಲೋಟ ಮುಂದಿಟ್ಟು, ದನಿ ಏರಿಸದೆ, ದುಬೈ ಕೆಲಸದ ವಿಷಯವೆಲ್ಲ ಹೇಳಿದಳು. ತಾನು ಕೈ ಮುಗಿದದ್ದನ್ನೂ ಹೇಳಿದಳು.

"ನಂಗೆ ಯಾಕೆ ಹೇಳ್ಲಿಲ್ಲ?" ಅಪ್ಪ ಕೇಳಿದ.

"ಹೇಳಿದ್ರೆ ಕಳಿಸ್ತಿದ್ರಾ?"

ಕಾಫಿಯ ಮೇಲೆ ಕೆನೆ ಕಟ್ಟಿತು. ಅಪ್ಪ "ಇಲ್ಲ" ಎಂದ. ಆಮೇಲೆ ಅವನ ಭುಜಗಳು ಅಲುಗತೊಡಗಿದವು. ಅಮ್ಮ ಅವನ ಪಕ್ಕ ಕೂತಳು, ಆದರೆ ಮುಟ್ಟಲಿಲ್ಲ, ಅವಳೂ ಅಳುತ್ತಿದ್ದಳು. ಗಂಡನೂ ಹೆಂಡತಿಯೂ ಒಂದೇ ತಪ್ಪಿಗೆ ಜೊತೆಯಾಗಿ ಅಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನ್ನ ಮನೆಯೆಂದರೆ ಏನು ಎಂದು ಈಗ ಯಾರಾದರೂ ಕೇಳಿದರೆ ನನಗೆ ಕಾಣುವುದು ಆ ಅಡುಗೆಮನೆಯ ನೆಲ.

ಮರುದಿನ ಅಪ್ಪ ಆಫೀಸಿಗೆ ಹೋಗಿ ಕೆಲಸ ಬಿಡುವುದಾಗಿ ತಿಳಿಸಿ ಬಂದ. ಅಮ್ಮ ಫ್ರಾನ್ಸಿಸಣ್ಣನ ಚೀಲವನ್ನು ನಮ್ಮ ಸಾಮಾನಿನ ಜೊತೆಗೇ ಇಟ್ಟಳು. ಅವನು ಬೇಡವೆಂದ. "ನಿಂಗೆ ಕೆಲಸ ಆಗೋ ತನಕ ನಮ್ಮನೇಲಿರ್ತೀಯ, ಅದ್ರ ಮೇಲೆ ಮಾತಾಡ್ಬೇಡ" ಎಂದು ಅಮ್ಮ ಗದರಿಸಿದಳು. ದೊಡ್ಡಮ್ಮ ನೋಡಿದ್ದ ಮನೆ ಬೇರೆಯವರ ಪಾಲಾಗಿತ್ತು. ನಾವು ಹೋಗಿ ಇಳಿದದ್ದು ಅದಕ್ಕಿಂತ ಚಿಕ್ಕದಾದ ಇನ್ನೊಂದಕ್ಕೆ. ಅಲ್ಲಿ ಅವನು ನಮ್ಮೊಂದಿಗೆ ಎರಡು ಮಳೆಗಾಲ ಇದ್ದ. ಕ್ಯೂರಿಂಗ್ ವರ್ಕ್ಸಿನಲ್ಲಿ ಅಪ್ಪನ ಜೊತೆ ಮಷೀನು ನೋಡಿಕೊಂಡ, ಆಮೇಲೆ ಮಂಗಳೂರಿಗೆ ಹೋಗಿ ವೆಲ್ಡಿಂಗ್ ಶಾಪ್ ಹಾಕಿದ. ದುಬೈ ಅವನಿಗೆ ಮತ್ತೆ ಸಿಗಲಿಲ್ಲ. ಅದರ ಬಗ್ಗೆ ಅವನು ಒಂದು ದಿನವೂ ಮಾತಾಡಲಿಲ್ಲ, ಅಮ್ಮ ಒಂದು ದಿನವೂ ಮರೆಯಲಿಲ್ಲ. ಕ್ರಿಸ್‌ಮಸ್ಸಿಗೆ ಅವನ ಮನೆಗೆ ಹೋದಾಗ ಅವಳು ಅಡುಗೆಮನೆಯಿಂದ ಹೊರಗೇ ಬರುವುದಿಲ್ಲ, ಅವನ ಹೆಂಡತಿಗೆ ಒಂದು ಪಾತ್ರೆಯನ್ನೂ ತೊಳೆಯಲು ಬಿಡುವುದಿಲ್ಲ.

ಕಾಲೊನಿ ಬಿಟ್ಟ ದಿನ ನಮ್ಮ ಲಾರಿ ಮಾರ್ಕೆಟ್ಟಿನ ಮುಂದೆ ನಿಂತಿತು. ಬಶೀರ್ ಮಾಮ ಎಲ್ಲರಿಗೂ ಚಹಾ ತಂದುಕೊಟ್ಟ, ಹಿಂದೆ ಸಾಮಾನಿನ ಮೇಲೆ ಕೂತಿದ್ದ ನನಗೂ ಫ್ರಾನ್ಸಿಸಣ್ಣನಿಗೂ ಸಹ. ಅವನ ಹೋಟೆಲಿನ ಬೆಂಚುಗಳ ಮೇಲೆ ಯಾರೂ ಇರಲಿಲ್ಲ. ಆಟದ ಮಾತನ್ನು ಯಾರೂ ಎತ್ತಲಿಲ್ಲ. ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಅವನು ಅಪ್ಪನ ಕಿಟಕಿಯ ಹತ್ತಿರ ಬಂದು ನಿಂತ.

"ಬರೋ ವರ್ಷ ಕಪ್ಪಿಗೆ ಚೀಟಿ ಎತ್ತಿದ ಕೂಡ್ಲೇ ಫೋನ್ ಮಾಡ್ತೀನಿ ವಾಸು. ಯಾರು ಸಿಕ್ಕಿದ್ರು ಅಂತ."

ತಂಡವಿರಲಿಲ್ಲ. ಆಡುವವರು ಇರಲಿಲ್ಲ, ನೋಡುವವರೂ ಇರಲಿಲ್ಲ. ಅಪ್ಪ ಎದುರಿನ ಗಾಜನ್ನು ನೋಡುತ್ತಾ ಕೂತಿದ್ದ. ಅಮ್ಮ ಅವನ ಮೇಲಿಂದ ಬಾಗಿ ಕಿಟಕಿಗೆ ಮುಖ ತಂದಳು.

"ಮಾಡಿ ಬಶೀರಣ್ಣ," ಎಂದಳು. "ಬರ್ತೀವಿ."